ಎಲೆಯ ಮೇಲೆ ಬೆಳೆಯುವ ಗಿಡಗಳನ್ನು ನೋಡುವುದು ಹೇಗೆ? ಹಳೇ ಎಲೆಗಳಿರುವ ಗಿಡ ಹುಡುಕಿ ಶುರು ಮಾಡಿ

ಕುಂಡದ ಗಿಡವೊಂದರ ಎಲೆ ಮೇಲೆ ಹಸಿರು ಕೊಳೆ ಕೂತಿದೆ ಅಂದುಕೊಂಡು ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದ್ದೆ. ಅರ್ಧ ಎಲೆ ಹೊಳೆಯತೊಡಗಿದ ಮೇಲೆ ಬಟ್ಟೆಯ ಕಡೆ ನೋಡಿದೆ. ಅದು ಕೊಳೆಯಾಗಿರಲಿಲ್ಲ. ಕೂದಲಿನಷ್ಟು ಸಣ್ಣ ಕಾಂಡ, ಅದರ ಎರಡೂ ಕಡೆ ಒತ್ತೊತ್ತಾಗಿ ಜೋಡಿಸಿದ ಪುಟಾಣಿ ಎಲೆಗಳು. ಎಲೆಯ ಮೇಲೆ ಇನ್ನೊಂದು ಗಿಡ, ಅದಕ್ಕೂ ಎಲೆ! ಉಳಿದರ್ಧ ಎಲೆಯನ್ನು ಒರೆಸಲು ಕೈ ಬರಲಿಲ್ಲ. ಈ ಹುಚ್ಚು ಹಿಡಿದದ್ದು ಅವತ್ತೇ.

ಬದುಕಿರುವ ಎಲೆಯ ಮೇಲೆ ಬೀಡು ಬಿಡುವ ಇಂಥ ಜೀವಿಗಳಿಗೆ ಎಪಿಫಿಲ್ ಎಂದು ಹೆಸರು. ನಾನು ಸುಲಭಕ್ಕೆ ಎಲೆವಾಸಿಗಳು ಎನ್ನುತ್ತೇನೆ. ಇವನ್ನು ನೋಡಲು ದೊಡ್ಡ ಸಲಕರಣೆ ಬೇಡ, ಸಸ್ಯಶಾಸ್ತ್ರ ಓದಿರಬೇಕಾಗಿಯೂ ಇಲ್ಲ. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಮರದ ತೊಗಟೆಯ ಮೇಲೆ ಕೂತ ಗಿಡಕ್ಕೆ ಹತ್ತಾರು ವರ್ಷ ಸಮಯ ಇರುತ್ತದೆ. ಎಲೆ ಮೇಲೆ ಕೂತ ಗಿಡಕ್ಕೆ ಗಡುವು ಇದೆ. ಎಲೆ ಉದುರಿದರೆ ಅದರ ಕಥೆಯೂ ಮುಗಿಯಿತು. ಅಷ್ಟರೊಳಗೆ ಹುಟ್ಟಿ, ಬೆಳೆದು, ಮರಿ ಮಾಡಿ, ಮುಂದಿನ ಎಲೆಗೆ ದಾಟಿಸಬೇಕು. ನೀವು ಎಲೆ ಮೇಲೆ ನೋಡುವ ಮುಕ್ಕಾಲು ಪಾಲು ವಿಚಿತ್ರಗಳು ಈ ಅವಸರದಿಂದ ಬಂದವು.

ಮೊದಲು, ಯಾವುದು ಎಲೆವಾಸಿ ಅಲ್ಲ

ಹೆಸರಿನಿಂದಲೇ ಗೊಂದಲ ಶುರು. ಎಪಿಫಿಲಮ್ ಎಂಬ ಕಳ್ಳಿ ಜಾತಿ ಇದೆ. ರಾತ್ರಿ ಅರಳುವ ದೊಡ್ಡ ಬಿಳಿ ಹೂವಿನ ಆ ಗಿಡವನ್ನು ಎಷ್ಟೋ ಮನೆಗಳಲ್ಲಿ ಬ್ರಹ್ಮಕಮಲ ಅಂತಲೇ ಕರೆಯುತ್ತಾರೆ. ಎಪಿಫಿಲಮ್ ಎಂದರೆ 'ಎಲೆಯ ಮೇಲೆ' ಎಂದೇ ಅರ್ಥ. ಹೂವು ಎಲೆಯಿಂದಲೇ ಹೊರಟಂತೆ ಕಾಣುತ್ತದಲ್ಲ, ಅದಕ್ಕೆ ಆ ಹೆಸರು. ನಿಜಕ್ಕೂ ಅದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಆ ಕಳ್ಳಿ ಯಾರ ಎಲೆ ಮೇಲೂ ಬೆಳೆಯುವುದಿಲ್ಲ.

ಎಲೆಯಂಚಿನಲ್ಲಿ ಮರಿ ಗಿಡ ಹುಟ್ಟಿಸುವ ಬ್ರಯೋಫಿಲಮ್ ಕೂಡ ಲೆಕ್ಕಕ್ಕಿಲ್ಲ. ಅದು ತನ್ನದೇ ಮರಿಯನ್ನು ಹೊತ್ತಿದೆ, ಪರರದ್ದನ್ನಲ್ಲ. ಬಂದಳಿಕೆ ಕೊಂಬೆಗೆ ಕೊರೆದುಕೊಂಡು ಕೂರುವ ಗಿಡ, ಎಲೆಗೆ ಬರುವುದಿಲ್ಲ.

ಇನ್ನು ಎಲೆ ಮೇಲಿನ ಮೋಸಗಾರರು. ಕರಿ ಮಸಿ ಬಳಿದಂತೆ ಕಂಡರೆ ಬಹುಮಟ್ಟಿಗೆ ಅದು ಮಸಿ ಬೂಷ್ಟು. ರಸ ಹೀರುವ ಹುಳುಗಳು ಬಿಟ್ಟ ಸಿಹಿ ಅಂಟಿನ ಮೇಲೆ ಬೆಳೆಯುತ್ತದೆ. ಎಲೆ ಮುಟ್ಟಿದರೆ ಅಂಟಂಟು, ಬೆರಳಿಗೆ ಕಪ್ಪು ಹತ್ತುತ್ತದೆ. ಬಿಳಿ ಹಿಟ್ಟು ಉದುರಿಸಿದಂತಿದ್ದರೆ ಬೂದಿ ರೋಗ. ಎಲೆಯ ಒಳಗೇ ಹಾವಿನಂತೆ ಹರಿದ ಬಿಳಿ ಗೆರೆ ಇದ್ದರೆ ಎಲೆ ಕೊರೆಯುವ ಮರಿಹುಳದ ದಾರಿ. ಉಗುರಿನಿಂದ ತಳ್ಳಿದರೆ ಇಡಿಯಾಗಿ ಎದ್ದು ಬರುವ ಕಂದು ಚಿಪ್ಪು ಶಲ್ಕಕೀಟ. ಗಡಸು ನೀರು ಚಿಮುಕಿಸಿದ ಎಲೆ ಮೇಲೆ ಸುಣ್ಣದ ಬಿಳಿ ಕಲೆಯೂ ಆಗುತ್ತದೆ. ಅದನ್ನು ಲೈಕೆನ್ (ಕಲ್ಲುಹೂವಿನ ಬಳಗದ ಜೀವಿ) ಎಂದುಕೊಂಡು ಖುಷಿಪಟ್ಟವರ ಸಾಲಿನಲ್ಲಿ ನಾನೂ ಇದ್ದೇನೆ.

ಎಲ್ಲಿ ಹುಡುಕಬೇಕು

ತೇವ, ನೆರಳು, ಹಳೇ ಎಲೆ. ಈ ಮೂರೂ ಒಟ್ಟಿಗೆ ಸಿಕ್ಕ ಕಡೆ ನಿಲ್ಲಿ.

ಎಲೆವಾಸಿಗಳ ತವರು ಉಷ್ಣವಲಯದ ಮಳೆಕಾಡು. ಅಲ್ಲೂ ಮರದ ತುದಿಯಲ್ಲಿ ಅಲ್ಲ, ಕೆಳಗೆ, ನಿಮ್ಮ ಸೊಂಟದ ಎತ್ತರದ ಆಸುಪಾಸಿನಲ್ಲಿ ಜಾಸ್ತಿ. ತೊರೆಯ ದಡ, ಕಣಿವೆಯ ತಳ, ಮಂಜು ಕೂರುವ ಇಳಿಜಾರು ಒಳ್ಳೆಯ ಜಾಗ. ಹಾಗಂತ ಬೇರೆ ಕಡೆ ಇಲ್ಲವೇ ಇಲ್ಲ ಅಂತಲ್ಲ. ಯೂರೋಪಿನಲ್ಲಿ ಬಾಕ್ಸ್‌ವುಡ್ ಎಂಬ ನಿತ್ಯಹಸಿರು ಪೊದೆಯ ಎಲೆ ಮೇಲೆ ಲೈಕೆನ್‌ಗಳು ಸಿಗುತ್ತವೆ. ಮಡೇರಾ, ಅಜೋರ್ಸ್ ದ್ವೀಪಗಳ ಲಾರೆಲ್ ಕಾಡುಗಳಲ್ಲೂ ಇವೆ. ಸದಾ ತೇವ ಇಟ್ಟಿರುವ ಗಾಜಿನ ಮನೆಗಳಲ್ಲೂ ಹುಡುಕಿ ನೋಡಿ.

ಎಲೆ ಯಾವುದು ಅನ್ನುವುದೂ ಮುಖ್ಯ. ದಪ್ಪ, ತೊಗಲಿನಂಥ, ವರ್ಷಗಟ್ಟಲೆ ಗಿಡದ ಮೇಲೇ ಉಳಿಯುವ ಎಲೆ ಬೇಕು. ಮಳೆಕಾಡಿನ ನೆರಳಲ್ಲಿ ಒಂದು ಎಲೆ ಹಲವು ವರ್ಷ ಬದುಕುವುದು ಅಪರೂಪವೇನಲ್ಲ. ತಾಳೆ ಜಾತಿಯ ಗಿಡಗಳು, ಸೈಕಸ್, ಕಾಡಿನ ನೆರಳಿನ ಜರೀಗಿಡಗಳು ಒಳ್ಳೆಯ ಆರಂಭ. ವರ್ಷಕ್ಕೊಮ್ಮೆ ಎಲೆ ಉದುರಿಸುವ ಗಿಡದಲ್ಲಿ ಸಮಯ ಹಾಳು ಮಾಡಬೇಡಿ. ಚಿಗುರೆಲೆಯಲ್ಲೂ ಏನೂ ಇರುವುದಿಲ್ಲ.

ಒಂದು ಮಾತು ಎಲ್ಲ ಕಡೆ ಕೇಳಿಬರುತ್ತದೆ: ಮಳೆಕಾಡಿನ ಎಲೆಗಳ ತುದಿ ಬಾಲದಂತೆ ಚೂಪಾಗಿರುವುದು ನೀರು ಬೇಗ ಜಾರಿಹೋಗಲಿ, ಎಲೆವಾಸಿಗಳು ಕೂರದಿರಲಿ ಅಂತ. ಕೇಳಲು ಚೆನ್ನಾಗಿದೆ. ಆದರೆ ಆ ಬಾಲ ಕತ್ತರಿಸಿ, ಕತ್ತರಿಸದೆ ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ಒಂದೇ ಉತ್ತರ ಬಂದಿಲ್ಲ. ಹಾಗಾಗಿ ಚೂಪು ತುದಿಯ ಎಲೆ ಎಂದು ಬಿಟ್ಟು ಮುಂದೆ ಹೋಗಬೇಡಿ. ನನಗೆ ತುಂಬ ಒಳ್ಳೆಯ ಎಲೆಗಳು ಸಿಕ್ಕಿರುವುದೇ ಅಂಥವುಗಳಲ್ಲಿ.

ಕೈಯಲ್ಲಿ ಏನಿರಬೇಕು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್ ಒಂದು. ದೊಡ್ಡ ಭೂತಗನ್ನಡಿ ಇದಕ್ಕೆ ಸಾಲದು. ನೀರು ಚಿಮುಕಿಸುವ ಸಣ್ಣ ಬಾಟಲಿ, ಟಾರ್ಚ್, ಪೆನ್ಸಿಲ್, ಕಾಗದದ ಲಕೋಟೆಗಳು, ಮಿಲಿಮೀಟರ್ ಗುರುತಿರುವ ಸ್ಕೇಲ್. ಪೆನ್ ಬೇಡ, ತೇವದಲ್ಲಿ ಶಾಯಿ ಹರಡುತ್ತದೆ.

ಲೆನ್ಸ್ ಹಿಡಿಯುವುದರಲ್ಲಿ ಹೊಸಬರೆಲ್ಲ ಎಡವುತ್ತಾರೆ. ಲೆನ್ಸನ್ನು ಎಲೆಯ ಹತ್ತಿರ ಇಟ್ಟು ದೂರದಿಂದ ಇಣುಕುತ್ತಾರೆ. ಏನೂ ಕಾಣುವುದಿಲ್ಲ. ಲೆನ್ಸ್ ಕಣ್ಣಿಗೆ ತಾಗುವಷ್ಟು ಹತ್ತಿರ ಇರಲಿ. ಹಿಡಿದ ಕೈಯನ್ನು ಕೆನ್ನೆಗೆ ಒತ್ತಿಕೊಳ್ಳಿ. ಇನ್ನೊಂದು ಕೈಯಿಂದ ಎಲೆಯನ್ನು ನಿಧಾನಕ್ಕೆ ಹತ್ತಿರ ತನ್ನಿ. ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ಬಂದಾಗ ಚಿತ್ರ ತಟ್ಟನೆ ಸ್ಪಷ್ಟವಾಗುತ್ತದೆ. ಟಾರ್ಚಿನ ಬೆಳಕು ಮೇಲಿನಿಂದ ಬೇಡ, ಪಕ್ಕದಿಂದ ಬೀಳಲಿ. ಉಬ್ಬುತಗ್ಗು ನೆರಳಾಗಿ ಎದ್ದು ಕಾಣುತ್ತದೆ.

ಕೊಂಬೆಯನ್ನು ಓದಿ

ಈಗ ಕೆಲಸ ಶುರು. ನೇರವಾಗಿ ಚೆನ್ನಾಗಿ ಕಾಣುವ ಎಲೆಗೆ ಹಾರಬೇಡಿ. ಒಂದು ಕೊಂಬೆ ಆರಿಸಿ, ತುದಿಯ ಚಿಗುರಿನಿಂದ ಶುರು ಮಾಡಿ, ಒಂದೊಂದೇ ಎಲೆ ನೋಡುತ್ತ ಬುಡದ ಕಡೆ ಬನ್ನಿ. ತುದಿಯಲ್ಲಿರುವುದು ಹೊಸದು, ಬುಡದಲ್ಲಿರುವುದು ಹಳೆಯದು. ತಾಳೆಯಂಥ ಗಿಡದಲ್ಲಿ ನಡುವಿನದು ಹೊಸದು, ಹೊರಗೆ ಬಾಗಿದ್ದು ಹಳೆಯದು. ಅಂದರೆ ಒಂದೇ ಕೊಂಬೆಯಲ್ಲಿ ನಿಮಗೆ ಕಾಲ ಸಾಲಾಗಿ ನಿಂತಿದೆ. ವರ್ಷಗಟ್ಟಲೆ ಕಾಯುವ ಅಗತ್ಯವಿಲ್ಲ.

ತುದಿಯ ಎಲೆ ಹೊಳೆಯುತ್ತದೆ, ನೀರು ಹಾಕಿದರೆ ಮುತ್ತಿನಂತೆ ಉರುಳುತ್ತದೆ. ಎರಡು ಮೂರು ಎಲೆ ಹಿಂದೆ ಬಂದರೆ ಹೊಳಪು ಸ್ವಲ್ಪ ಮಂಕು. ಇಲ್ಲಿ ನೀರು ಹನಿಯಾಗದೆ ಹರಡಿಕೊಳ್ಳುತ್ತದೆ. ಎಲೆಯ ಮೇಣದ ಪದರ ಸವೆದು, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಬೂಷ್ಟುಗಳು ಕೂತಿರುತ್ತವೆ. ಇನ್ನೂ ಹಿಂದಿನ ಎಲೆಗಳಲ್ಲಿ ಚುಕ್ಕೆಗಳು ಶುರು. ನಡುನರದ ಇಕ್ಕೆಲ, ತೊಟ್ಟಿನ ಹತ್ತಿರ ಮತ್ತು ತುದಿ, ಅಂದರೆ ನೀರು ಜಾಸ್ತಿ ಹೊತ್ತು ನಿಲ್ಲುವ ಕಡೆಗಳನ್ನು ಮೊದಲು ನೋಡಿ. ಬುಡದ ಹಳೇ ಎಲೆಗೆ ಬರುವ ಹೊತ್ತಿಗೆ ಮೂಲ ಎಲೆಯ ಹಸಿರೇ ಕಾಣದಷ್ಟು ಜನಸಂದಣಿ.

ಎಷ್ಟನೇ ಎಲೆಯಲ್ಲಿ ಮೊದಲ ಚುಕ್ಕೆ ಕಂಡಿತು, ಎಷ್ಟನೇ ಎಲೆಯಲ್ಲಿ ಮೊದಲ ಹಸಿರು ಗರಿ ಕಂಡಿತು, ಬರೆದಿಟ್ಟುಕೊಳ್ಳಿ. ಹತ್ತು ಕೊಂಬೆ ನೋಡಿದ ಮೇಲೆ ಆ ಗಿಡದ ಲಯ ನಿಮಗೆ ಗೊತ್ತಾಗುತ್ತದೆ.

ನೀರು ಹಾಕಿ, ಒಂದು ನಿಮಿಷ ಕಾಯಿರಿ

ಒಣಗಿದ ಎಲೆವಾಸಿ ಕಂದು ಹೊಟ್ಟಿನ ಹಾಗೆ ಕಾಣುತ್ತದೆ. ಎಷ್ಟೋ ಜನ ಇಲ್ಲೇ 'ಏನಿಲ್ಲ, ಧೂಳು' ಅಂತ ಬಿಟ್ಟುಬಿಡುತ್ತಾರೆ. ಎರಡು ಸಲ ನೀರು ಚಿಮುಕಿಸಿ, ಸುಮ್ನೆ ಒಂದು ನಿಮಿಷ ಕಾಯಿರಿ. ಮುದುಡಿದ್ದು ಬಿಚ್ಚಿಕೊಳ್ಳುತ್ತದೆ, ಬೂದು ಬಣ್ಣದ್ದು ಹಸಿರಿಗೆ ತಿರುಗುತ್ತದೆ. ಈಗ ಲೆನ್ಸ್ ಹಿಡಿಯಿರಿ.

ನಾವು ಗೋಡೆ ಮೇಲಿನ, ನೀರಿನ ಮೇಲಿನ ಎಲ್ಲ ಹಸಿರಿಗೂ ಪಾಚಿ ಅಂತ ಒಂದೇ ಹೆಸರಿಟ್ಟುಬಿಟ್ಟಿದ್ದೇವೆ. ಎಲೆ ಮೇಲೆ ಅಷ್ಟು ಸಾಲದು. ಕನಿಷ್ಠ ಮೂರು ಗುಂಪುಗಳನ್ನು ಬೇರೆ ಮಾಡಲು ಕಲಿಯಿರಿ.

ಹಸಿರು ಗರಿಗಳಂತೆ ಎಲೆಗೆ ಅಂಟಿಕೊಂಡು ಕವಲೊಡೆದಿದ್ದರೆ ಅದು ಲಿವರ್‌ವರ್ಟ್. ಗೋಡೆ, ಕಲ್ಲಿನ ಮೇಲೆ ಹಸಿರು ಮೆತ್ತೆಯಂತೆ ಹಬ್ಬುವ ಪುಟ್ಟ ಗಿಡ ಮಾಸ್ ಇದೆಯಲ್ಲ, ಅದರ ಹತ್ತಿರದ ಬಳಗ. ಎಲೆ ಮೇಲಿನವುಗಳಲ್ಲಿ ಬಹುಪಾಲು ಲೆಜ್ಯೂನಿಯೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಸಾವಿರಕ್ಕೂ ಹೆಚ್ಚು ಜಾತಿಗಳಿರುವ ದೊಡ್ಡ ಕುಟುಂಬ ಅದು. ಕೊಲೊಲೆಜ್ಯೂನಿಯಾ, ಲೆಪ್ಟೊಲೆಜ್ಯೂನಿಯಾ ಮತ್ತೆ ಮತ್ತೆ ಎದುರಾಗುವ ಹೆಸರುಗಳು. ರಾಡ್ಯುಲಾ ಕೂಡ ಎಲೆ ಮೇಲೆ ಸಿಗುತ್ತದೆ, ಆದರೆ ಅದು ಬೇರೆ ಕುಟುಂಬ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಸಾಧ್ಯವಾದರೆ ಒಂದು ಎಳೆಯನ್ನು ಸೂಜಿಯಿಂದ ಬಿಡಿಸಿ ಬೋರಲು ಹಾಕಿ ನೋಡಿ. ಇಡೀ ಎಳೆಯ ಅಗಲ ಸುಮಾರು ಒಂದು ಮಿಲಿಮೀಟರ್. ಪ್ರತಿ ಪುಟ್ಟ ಎಲೆಗೂ ಎರಡು ಭಾಗ. ದೊಡ್ಡ ಭಾಗ ಮೇಲೆ ಹರಡಿದೆ, ಚಿಕ್ಕ ಭಾಗ ಅಡಿಗೆ ಮಡಚಿಕೊಂಡು ಜೇಬಿನಂತಾಗಿದೆ. ಆ ಜೇಬಿನಲ್ಲಿ ನೀರು ನಿಲ್ಲುತ್ತದೆ. ಬೇರಿಲ್ಲದ, ಮಣ್ಣಿಲ್ಲದ ಬದುಕಿಗೆ ಇದೇ ಕೊಡಪಾನ. ಕೊಲೂರಾ ಎಂಬ ಗುಂಪಿನಲ್ಲಿ ಈ ಜೇಬು ಪೂರ್ತಿ ಚೀಲವಾಗಿ, ಅದಕ್ಕೊಂದು ಒಳಮುಖ ತೆರೆಯುವ ಬಾಗಿಲೂ ಇದೆ. ಕೀನ್ಯಾದ ಕೊಲೂರಾ ಝೂಫಾಗಾ ಎಂಬ ಜಾತಿಯ ಚೀಲದಲ್ಲಿ ಏಕಕೋಶ ಜೀವಿಗಳು ಸಿಕ್ಕಿಬೀಳುವುದನ್ನು 2000ದಲ್ಲಿ ವರದಿ ಮಾಡಿದರು. ಸಿಕ್ಕವನ್ನು ಗಿಡ ಜೀರ್ಣಿಸಿಕೊಳ್ಳುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ಬಾಗಿಲಂತೂ ಇದೆ.

ಎಳೆಯ ಅಡಿಭಾಗದ ನಡುವೆ ಇನ್ನೊಂದು ಸಾಲು ಪುಟ್ಟ ಎಲೆಗಳಿವೆಯಾ ನೋಡಿ. ಇಲ್ಲದಿದ್ದರೆ ಕೊಲೊಲೆಜ್ಯೂನಿಯಾ ಇರುವ ಸಾಧ್ಯತೆ ಹೆಚ್ಚು. ಪುಟ್ಟ ಎಲೆಗಳ ಮೇಲೋ ಅಂಚಿನಲ್ಲೋ ತಟ್ಟೆಯಾಕಾರದ ಹಸಿರು ಬಿಲ್ಲೆಗಳು ಕಂಡರೆ ಅವು ಜೆಮ್ಮಾಗಳು. ಬೀಜವೂ ಅಲ್ಲ, ಬೀಜಕವೂ ಅಲ್ಲ. ಗಿಡದ ಚೂರೇ ಕಳಚಿಕೊಂಡು ಮಳೆಹನಿಯ ಜೊತೆ ಸಿಡಿದು ಇನ್ನೊಂದು ಎಲೆಗೆ ಹೋಗಿ ಅಂಟುತ್ತದೆ. ಗಡುವಿನ ಮಾತು ಹೇಳಿದೆನಲ್ಲ, ಇದು ಅದಕ್ಕೆ ಕಂಡುಕೊಂಡ ಒಳದಾರಿ.

ಎರಡನೆಯ ಗುಂಪು ಲೈಕೆನ್, ಅಂದರೆ ನಮ್ಮ ಕಲ್ಲುಹೂವಿನ ಬಳಗ. ಶಿಲೀಂಧ್ರ ಮತ್ತು ಪಾಚಿಯ ಕೂಡುಸಂಸಾರ. ಎಲೆ ಮೇಲೆ ಇದು ಬಿಳಿ, ಬೂದು, ತಿಳಿಹಸಿರು ದುಂಡು ಮಚ್ಚೆಗಳಾಗಿ ಇರುತ್ತದೆ. ಮಚ್ಚೆಯೊಳಗೆ ಗುಂಡುಸೂಜಿ ತಲೆಗಿಂತ ಸಣ್ಣ ಕಪ್ಪು, ಕಂದು ಅಥವಾ ಕಿತ್ತಳೆ ಚುಕ್ಕೆಗಳು ಕಂಡರೆ ಬಹುಮಟ್ಟಿಗೆ ಅದು ಲೈಕೆನ್ನೇ. ಎರಡು ಮಚ್ಚೆಗಳು ಎದುರಾದ ಕಡೆ ಸರಹದ್ದಿನ ಗೆರೆಯನ್ನೂ ನೋಡಿ. ನಕ್ಷೆಯ ಹಾಗೆ ಇರುತ್ತದೆ. ಜಗತ್ತಿನಲ್ಲಿ ಎಲೆ ಮೇಲೆ ಬೆಳೆಯುವ ಲೈಕೆನ್ ಜಾತಿಗಳು 800ಕ್ಕೂ ಹೆಚ್ಚು. ಒಳ್ಳೆಯ ಮಳೆಕಾಡಿನಲ್ಲಿ ಒಂದೇ ಎಲೆ ಮೇಲೆ ಹತ್ತಾರು ಜಾತಿ ಸಿಗುತ್ತವೆ.

ಜಾತಿ ಹಿಡಿಯಲು ಸೂಕ್ಷ್ಮದರ್ಶಕ ಬೇಕು. ಆದರೆ ಲೆನ್ಸಿನಲ್ಲೇ ಕೆಲವು ಗುಂಪುಗಳು ಮುಖ ತೋರಿಸುತ್ತವೆ. ಮಚ್ಚೆಯಿಂದ ಕಪ್ಪು ಮುಳ್ಳುಕೂದಲು ನಿಂತಿದ್ದರೆ ಟ್ರೈಕೇರಿಯಾ ಇರಬಹುದು. ಚುಕ್ಕೆಯ ಸುತ್ತ ಹತ್ತಿಯಂಥ ಬಿಳಿ ಅಂಚಿದ್ದರೆ ಬಿಸೊಲೋಮಾ. ನುಣ್ಣಗೆ ಬೆಳ್ಳಿಯಂತೆ ಹೊಳೆದು, ಉಗುರಿನಿಂದ ಕೆರೆದರೂ ಬಾರದಿದ್ದರೆ ಸ್ಟ್ರಿಗ್ಯುಲಾ. ಅದು ಎಲೆಯ ಮೇಣದ ಪದರದ ಕೆಳಗೇ ಸೇರಿಕೊಂಡಿರುತ್ತದೆ. ಅದಕ್ಕೇ ಉಗುರಿಗೆ ಸಿಗುವುದಿಲ್ಲ.

ಮೂರನೆಯದು ಪಾಚಿ. ಇಲ್ಲಿ ಬಣ್ಣ ನಂಬಬೇಡಿ. ಕಿತ್ತಳೆ, ಇಟ್ಟಿಗೆ ಕೆಂಪು, ಅರಿಶಿನ ಬಣ್ಣದ ಚುಕ್ಕೆಗಳು ಎಷ್ಟೋ ಸಲ ಹಸಿರು ಪಾಚಿಯೇ. ಕ್ಯಾರೊಟಿನಾಯ್ಡ್ ಬಣ್ಣ ತುಂಬಿಕೊಂಡು ಹಸಿರು ಮುಚ್ಚಿಹೋಗಿರುತ್ತದೆ. ಚಪ್ಪಟೆ ಹಳದಿ ಬಿಲ್ಲೆಯಾಗಿ ಎಲೆಯ ಮೇಲಷ್ಟೇ ಕೂತಿದ್ದರೆ ಫೈಕೋಪೆಲ್ಟಿಸ್. ಮಖಮಲ್ಲಿನಂತೆ ನವಿರಾದ ಕಿತ್ತಳೆ ಕೂದಲು ಎದ್ದಿದ್ದರೆ ಸೆಫಲ್ಯೂರೋಸ್. ಇವನ ಬಗ್ಗೆ ಮುಂದೆ ಬೇರೆ ಮಾತಿದೆ.

ಮಾಸ್‌ಗಳು ಎಲೆ ಮೇಲೆ ಕಡಿಮೆ. ನೀಲಿಗಪ್ಪು ಬಣ್ಣದ ಎಳೆಎಳೆ ಗಂಟು ಕಂಡರೆ ಸಯನೋಬ್ಯಾಕ್ಟೀರಿಯಾ ಇರಬಹುದು. ತುಂಬ ಹಳೇ ಎಲೆಯ ಮೇಲೆ ಅಪರೂಪಕ್ಕೆ ಜರೀಗಿಡದ ಮರಿಯೊಂದು ಚಿಗುರಿರುತ್ತದೆ, ಪಾಪ. ಅದು ದೊಡ್ಡದಾಗುವ ಮೊದಲೇ ಎಲೆ ಬೀಳುತ್ತದೆ.

ಉಗುರು ಪರೀಕ್ಷೆ: ಹಾನಿ ಇದೆಯಾ, ಇಲ್ಲವಾ

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರವನ್ನು ನಿಮ್ಮ ಉಗುರೇ ಹೇಳುತ್ತದೆ. ಒಂದು ಮೂಲೆಯಲ್ಲಿ ಮಾತ್ರ, ಮೆಲ್ಲಗೆ ಕೆರೆಯಿರಿ.

ಎಲೆವಾಸಿ ಸುಲಭವಾಗಿ ಎದ್ದು ಬಂದು, ಕೆಳಗೆ ಎಲೆ ಆರೋಗ್ಯವಾಗಿ ಹಸಿರಾಗಿದ್ದರೆ ಅದು ಬರೀ ಬಾಡಿಗೆದಾರ. ಏಳದೆ ಎಲೆಯ ಚರ್ಮದೊಳಗೇ ಇದ್ದರೆ ಎಲೆಯನ್ನು ತಿರುಗಿಸಿ, ಅದೇ ಜಾಗದ ಹಿಂಬದಿ ನೋಡಿ. ಹಿಂದೆ ಹಳದಿ ಅಥವಾ ಕಂದು ಕಲೆ ಇದ್ದರೆ ಒಳಗೆ ಏಟು ಬಿದ್ದಿದೆ. ಹಿಂಬದಿ ಶುಚಿಯಾಗಿದ್ದರೆ ಅಷ್ಟೇನೂ ತಲೆ ಕೆಡಿಸಿಕೊಳ್ಳಬೇಡಿ.

ಆಗಲೇ ಹೇಳಿದ ಕಿತ್ತಳೆ ಕೂದಲಿನ ಪಾಚಿ ಸೆಫಲ್ಯೂರೋಸ್ ಹೀಗೆ ಚರ್ಮದೊಳಗೆ ಸೇರಿ ಏಟು ಕೊಡುವವನು. ಚಹಾ, ಕಾಫಿ, ಮಾವು, ಸೀಬೆ, ಮೆಣಸು ಹೀಗೆ ನೂರಾರು ಗಿಡಗಳ ಎಲೆ ಮೇಲೆ ಬರುತ್ತದೆ. ಚಹಾ ಬೆಳೆಯುವವರು ಕೆಂಪು ತುಕ್ಕು ಎನ್ನುವುದು ಇದನ್ನೇ. ಹೆಸರು ತುಕ್ಕಾದರೂ ಇದು ತುಕ್ಕು ರೋಗದ ಶಿಲೀಂಧ್ರ ಅಲ್ಲ, ಪಾಚಿ. ಮಳೆಯಲ್ಲಿ ಹಬ್ಬುತ್ತದೆ. ನೀರು ಬಿದ್ದಾಗ ಅದರ ಬೀಜಕಗಳು ಹೊರಬಂದು ಒದ್ದೆ ಎಲೆಯ ಮೇಲೆ ಈಜುತ್ತವೆ. ಸೊರಗಿದ ಗಿಡಕ್ಕೆ ಜಾಸ್ತಿ ಕಾಟ. ಇದು ಕಂಡರೆ ಮೊದಲು ಗಿಡಕ್ಕೆ ಗಾಳಿಯಾಡಲು ಬಿಡಿ, ಒತ್ತಾದ ಕೊಂಬೆ ಸವರಿ, ಎಲೆ ಮೇಲೆ ನೀರು ಸುರಿಯುವುದನ್ನು ನಿಲ್ಲಿಸಿ, ಬಿದ್ದ ಎಲೆಗಳನ್ನು ತೆಗೆದುಹಾಕಿ. ಬೆಳೆಗಳಲ್ಲಿ ತೀರಾ ಜಾಸ್ತಿಯಾದಾಗ ತಾಮ್ರದ ಔಷಧಿ ಹೊಡೆಯುತ್ತಾರೆ. ಮನೆಯ ಒಂದೆರಡು ಕುಂಡಕ್ಕೆ ಅಷ್ಟು ದೂರ ಹೋಗುವುದು ಬೇಡ ಅಂತ ನನ್ನ ಅಭಿಪ್ರಾಯ. ಕೆಟ್ಟ ಎಲೆ ಕಿತ್ತರೆ ಸಾಕು.

ಬಾಡಿಗೆದಾರರ ಲೆಕ್ಕ ಇಷ್ಟು ಸರಳ ಅಲ್ಲ. ಬೆಳಕಿಗೆ ಅಡ್ಡ ಬರುತ್ತವೆ, ಅದು ನಿಜ. ರಾಡ್ಯುಲಾ ಫ್ಲಾಸಿಡಾ ಎಂಬ ಲಿವರ್‌ವರ್ಟ್ ಆಶ್ರಯ ಕೊಟ್ಟ ಎಲೆಯಿಂದ ನೀರು, ರಂಜಕ ಎಳೆದುಕೊಳ್ಳುತ್ತದೆ ಎಂದು 1975ರಲ್ಲೇ ತೋರಿಸಿದ್ದಾರೆ. ಇನ್ನೊಂದು ಕಡೆ, ಎಲೆ ಮೇಲಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು, ಅದರಲ್ಲಿ ಒಂದು ಪಾಲು ಎಲೆಯೊಳಗೂ ಸೇರುತ್ತದೆ ಎಂದು 1984ರಲ್ಲಿ ಕೋಸ್ಟರಿಕಾದ ಮಳೆಕಾಡಿನ ತಾಳೆಯೊಂದರಲ್ಲಿ ಕಂಡುಕೊಂಡರು. ಎಲೆ ಕತ್ತರಿಸುವ ಇರುವೆಗಳೂ ಲಿವರ್‌ವರ್ಟ್ ಮುತ್ತಿದ ಎಲೆಯನ್ನು ಅಷ್ಟಾಗಿ ಇಷ್ಟಪಡುವುದಿಲ್ಲ. ಬಾಡಿಗೆ ಬರುತ್ತಿದೆಯೋ, ಗೋಡೆ ಕೆಡುತ್ತಿದೆಯೋ ಅನ್ನುವುದು ಮನೆಮನೆಗೂ ಬೇರೆ.

ಮನೆಯೊಳಗಿನ ಗಿಡ ಬೆಳಕಿಲ್ಲದ ಮೂಲೆಯಲ್ಲಿದ್ದು, ಎಲೆ ಪೂರ್ತಿ ಮುಚ್ಚಿಹೋಗಿದ್ದರೆ ಒರೆಸಿ. ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ. ಎಲೆ ಮಿಂಚಿಸಲು ಎಣ್ಣೆ ಸವರಬೇಡಿ. ಗಟ್ಟಿಯಾಗಿ ಕೆರೆದರೆ ಮೇಣದ ಪದರ ಕಿತ್ತುಬರುತ್ತದೆ. ಉಳಿದಂತೆ ಬಿಟ್ಟುಬಿಡಿ.

ಲೆಕ್ಕ ಹಿಡಿಯುವುದು

'ತುಂಬ ಇದೆ', 'ಸ್ವಲ್ಪ ಇದೆ' ಅಂತ ಬರೆದಿಟ್ಟರೆ ಮುಂದಿನ ತಿಂಗಳು ನಿಮಗೇ ಅರ್ಥವಾಗುವುದಿಲ್ಲ. ಒಂದು ಪಾರದರ್ಶಕ ಹಾಳೆ ತೆಗೆದುಕೊಂಡು, ಐದೈದು ಮಿಲಿಮೀಟರ್‌ಗೆ ಒಂದರಂತೆ ಅಡ್ಡ, ಉದ್ದ ಗೆರೆ ಎಳೆಯಿರಿ. ಎಲೆ ಮೇಲಿಡಿ. ಗೆರೆಗಳು ಕೂಡುವ ಎಷ್ಟು ಬಿಂದುಗಳು ಎಲೆಯ ಮೇಲೆ ಬಿದ್ದವು, ಅದರಲ್ಲಿ ಎಷ್ಟರ ಕೆಳಗೆ ಎಲೆವಾಸಿ ಇದೆ, ಎಣಿಸಿ. ಎಲೆಯ ಮೇಲೆ 120 ಬಿಂದು ಬಿದ್ದು, 42ರ ಕೆಳಗೆ ಎಲೆವಾಸಿ ಇದ್ದರೆ ನೂರಕ್ಕೆ 35 ಭಾಗ ಮುಚ್ಚಿದೆ ಎಂದರ್ಥ. ಲಿವರ್‌ವರ್ಟ್, ಲೈಕೆನ್, ಪಾಚಿ ಬೇರೆ ಬೇರೆ ಎಣಿಸಿದರೆ ಇನ್ನೂ ಒಳ್ಳೆಯದು. ತೀರಾ ತೇವ, ನೆರಳಿನ ಜಾಗದಲ್ಲಿ ಲಿವರ್‌ವರ್ಟ್ ಮೇಲುಗೈ, ಬೆಳಕು ಸ್ವಲ್ಪ ಜಾಸ್ತಿ ಬೀಳುವ ಕಡೆ ಲೈಕೆನ್ ಮೇಲುಗೈ. ನಿಮ್ಮ ಅಂಕಿಗಳಲ್ಲೂ ಅದು ಕಾಣುತ್ತದಾ ನೋಡಿ.

ಎಲೆಯನ್ನು ಗುರುತಿಡಲು ತೊಟ್ಟಿಗೆ ಸಡಿಲವಾಗಿ ದಾರ ಕಟ್ಟಿ, ಬಿಳಿ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ದಿನಾಂಕ ಬರೆದು ನೇತುಹಾಕಿ. ತಿಂಗಳಿಗೊಮ್ಮೆ ಒಂದೇ ಕೋನದಿಂದ, ಸ್ಕೇಲ್ ಪಕ್ಕದಲ್ಲಿಟ್ಟು, ಒದ್ದೆ ಮಾಡಿದ ಮೇಲೆ ಫೋಟೋ ತೆಗೆಯಿರಿ. ಒಂದು ತಿಂಗಳು ಒಣ ಎಲೆ, ಇನ್ನೊಂದು ತಿಂಗಳು ಒದ್ದೆ ಎಲೆ ತೆಗೆದರೆ ಹೋಲಿಕೆ ಕೆಡುತ್ತದೆ.

ಇನ್ನೂ ಉತ್ಸಾಹ ಇದ್ದರೆ ಒಂದು ಮೋಜಿನ ಪ್ರಯೋಗ ಇದೆ. ಎಲೆಯಾಕಾರಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಪಟ್ಟಿಗಳನ್ನು ನಿಜವಾದ ಎಲೆಗಳ ಪಕ್ಕದಲ್ಲೇ ಕಟ್ಟಿ. ಸಂಶೋಧಕರು ಮಳೆಕಾಡುಗಳಲ್ಲಿ ಹೀಗೆ ಮಾಡಿ ನೋಡಿದ್ದಾರೆ. ಪ್ಲಾಸ್ಟಿಕ್ ಮೇಲೂ ಎಲೆವಾಸಿಗಳು ಬಂದು ಕೂತಿವೆ! ಅಂದರೆ ಇವುಗಳಲ್ಲಿ ಅನೇಕಕ್ಕೆ ಎಲೆಯ ರಸ ಬೇಕಿಲ್ಲ, ಕೂರಲು ಜಾಗ ಬೇಕು. ಕೆಲಸ ಮುಗಿದ ಮೇಲೆ ಪಟ್ಟಿಗಳನ್ನು ಬಿಚ್ಚಿ ತರುವುದು ಮರೆಯಬೇಡಿ. ಜಾಗವೇ ಮುಖ್ಯ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ನನಗೆ ತುಂಬ ಇಷ್ಟ. ನ್ಯೂಗಿನಿಯ ಬೆಟ್ಟದ ಕಾಡುಗಳಲ್ಲಿ ದೊಡ್ಡ ಮೂತಿಹುಳುಗಳಿವೆ. ಅವುಗಳ ಬೆನ್ನ ಮೇಲೆ ಪಾಚಿ, ಲೈಕೆನ್, ಲಿವರ್‌ವರ್ಟ್ ಬೆಳೆದಿರುವುದನ್ನು 1960ರ ದಶಕದಲ್ಲಿ ವಿವರಿಸಿದ್ದಾರೆ. ಎಲೆಯಾದರೇನು, ಹುಳುವಿನ ಬೆನ್ನಾದರೇನು!

ತೆಗೆದಿಡುವುದು

ಗಿಡದಿಂದ ಕೀಳುವ ಮೊದಲು ಕೆಳಗೆ ನೋಡಿ. ಆಗಷ್ಟೇ ಬಿದ್ದ ಹಳೇ ಎಲೆಗಳಲ್ಲೇ ಬೇಕಾದಷ್ಟು ಸಿಗುತ್ತದೆ. ರಕ್ಷಿತ ಕಾಡಿನಲ್ಲಿ ಬಿದ್ದ ಎಲೆ ಎತ್ತಲೂ ಅನುಮತಿ ಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ.

ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ. ನನ್ನ ಮೊದಲ ಸಂಗ್ರಹವನ್ನು ಹಾಗೆ ಹಾಕಿ, ಬಿಗಿಯಾಗಿ ಕಟ್ಟಿ, ಮೂರು ದಿನ ಮರೆತಿದ್ದೆ. ಬಿಚ್ಚಿದಾಗ ಎಲ್ಲದರ ಮೇಲೂ ಒಂದೇ ಎಲೆವಾಸಿ, ಬಿಳಿ ಬೂಷ್ಟು. ಕಾಗದದ ಲಕೋಟೆಯೇ ಸರಿ. ಮನೆಗೆ ಬಂದ ಮೇಲೆ ಹಳೇ ಪತ್ರಿಕೆಯ ಹಾಳೆಗಳ ನಡುವೆ ಹಗುರವಾದ ಭಾರದ ಕೆಳಗೆ ಒಣಗಿಸಿ. ಜಾಸ್ತಿ ಭಾರ ಹಾಕಿದರೆ ನೀರಿನ ಜೇಬುಗಳು ಅಪ್ಪಚ್ಚಿಯಾಗುತ್ತವೆ. ಬಿಸಿಲಿಗೆ, ಒಲೆಯ ಬಳಿ ಇಡಬೇಡಿ. ಒಣಗಿದ ಲಿವರ್‌ವರ್ಟನ್ನು ಎಷ್ಟೋ ವರ್ಷದ ನಂತರ ನೀರು ಹಾಕಿ ನೋಡಿದರೂ ಆಕಾರ ಮರಳುತ್ತದೆ. ಜೀವ ಅಲ್ಲ, ಆಕಾರ.

ಲಕೋಟೆಯ ಮೇಲೆ ಜಾಗ, ದಿನಾಂಕ, ನೆಲದಿಂದ ಎತ್ತರ, ನೆರಳು ಎಷ್ಟು, ಆಶ್ರಯ ಕೊಟ್ಟ ಗಿಡ ಯಾವುದು, ಚಿಗುರಿನಿಂದ ಎಷ್ಟನೇ ಎಲೆ, ಇಷ್ಟು ಬರೆಯಿರಿ. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಫೋಟೋ ಸಾಕು.

ಬದುಕಿದ್ದಂತೆಯೇ ಇಟ್ಟುಕೊಳ್ಳಬೇಕೆಂದರೆ ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿ, ದಪ್ಪ ಎಲೆಯ ಸಣ್ಣ ಗಿಡವೊಂದನ್ನು ಬೆಳೆಸಿ. ಲಿವರ್‌ವರ್ಟ್ ಇರುವ ಎಲೆಯ ಚೂರನ್ನು ಅದರ ಹಳೇ ಎಲೆಗೆ ತಾಗುವಂತೆ ಇಡಿ. ನೇರ ಬಿಸಿಲು ಬೇಡ. ಮಳೆನೀರು ಅಥವಾ ಡಿಸ್ಟಿಲ್ಡ್ ನೀರು ಚಿಮುಕಿಸಿ, ನಲ್ಲಿ ನೀರಿನ ಸುಣ್ಣ ಇವಕ್ಕೆ ಆಗದು. ಗೊಬ್ಬರ ಹಾಕಲೇಬೇಡಿ. ತಿಂಗಳುಗಟ್ಟಲೆ ಏನೂ ಆಗದಿರಬಹುದು. ದಾಟಿತೇ ಅನ್ನುವುದನ್ನು ಹೊಸ ಎಲೆಯ ನಡುನರದ ಪಕ್ಕದಲ್ಲಿ ಲೆನ್ಸ್ ಹಿಡಿದು ನೋಡಿ. ಸಾಸಿವೆಗಿಂತ ಎಷ್ಟೋ ಸಣ್ಣ ಹಸಿರು ಬಿಲ್ಲೆ ಅಂಟಿದ್ದರೆ ಸರಿ.

ದಾರ ಕಟ್ಟಿದ ಎಲೆ ಒಂದು ದಿನ ಗಿಡದಲ್ಲಿ ಇರುವುದಿಲ್ಲ. ಬುಡದಲ್ಲಿ ಹುಡುಕಿ, ಪಟ್ಟಿ ಬೆಳ್ಳಗಿರುವುದರಿಂದ ಸಿಗುತ್ತದೆ. ಕಸದಡಿಯ ಕತ್ತಲಲ್ಲಿ ಬೇಗ ಕೊಳೆಯುತ್ತದೆ, ತಡ ಮಾಡಬೇಡಿ. ದಾರದ ಸಮೇತ ಲಕೋಟೆಗೆ ಹಾಕಿ. ಶುರುವಿನ ದಿನಾಂಕ ಪಟ್ಟಿಯ ಮೇಲೆ ಇದ್ದೇ ಇದೆ. ಅದರ ಕೆಳಗೆ ಇವತ್ತಿನದನ್ನೂ ಬರೆಯಿರಿ.